ಪದ್ಮಯ್ಯನವರ ಎರಡನೇ ಸಾಲು

ನದಿಯ ದಡದಲ್ಲಿ ಐತಪ್ಪ ಎಂಬ ಗುರುಗಳು ಸ್ಯಾಕ್ಸೊಫೋನ್ ಕಲಿಸುತ್ತಿದ್ದರು. ಅವರದೊಂದು ಹಟದ ಪದ್ಧತಿ: ಯಾವ ಹಾಡನ್ನಾದರೂ ಮೊದಲು ಮಾತು ಸಮೇತ ಬಾಯಲ್ಲಿ ಹಾಡಬೇಕು, ಆಮೇಲೆಯೇ ಊದಬೇಕು. ಶಿಷ್ಯರು ಬೆನ್ನ ಹಿಂದೆ ಗೊಣಗುತ್ತಿದ್ದರು. ಗುರುಗಳಿಗೆ ಅದು ಕೇಳಿಸುತ್ತಿತ್ತು, ಪದ್ಧತಿ ಮಾತ್ರ ಬದಲಾಗಲಿಲ್ಲ.

ಅವರ ಶಿಷ್ಯೆ ಯಶವಂತಿಗೆ ಅಂದು ಮೊದಲ ದೊಡ್ಡ ವೇದಿಕೆ.

ಊರವರು ‘ಪದ’ ಎನ್ನುವ ಹಾಡುಗಳನ್ನು ಕಟ್ಟುವ ಪದ್ಮಯ್ಯನವರಿಗೆ ತೊಂಬತ್ತು ತುಂಬಿತ್ತು. ಮದುವೆಮನೆಯಿಂದ ಮೀನುಮಾರುಕಟ್ಟೆಯವರೆಗೆ ಊರೆಲ್ಲ ಗುನುಗುವ ಅವರ ಹಾಡುಗಳನ್ನು ಪಟ್ಟಣದ ಜಾಝ್ ತಂಡವೊಂದು ಅವರೆದುರೇ ನುಡಿಸಲಿತ್ತು. ಕೊನೆಯ ಹಾಡು ಯಶವಂತಿಯದು.

ಜಾಝಿನಲ್ಲಿ ಹಾಡನ್ನು ಮನಸ್ಸಿಗೆ ಬಂದಂತೆ ಬೆಳೆಸಬಹುದು. ಹುಡುಗಿ ಬೆಳೆಸಿದ್ದೇ ಬೆಳೆಸಿದ್ದು. ಪಟ್ಟಣದವರೆದುರು ಹಳ್ಳಿಯವಳಾಗಿ ಕಾಣಬಾರದು ಎಂಬ ಹೆದರಿಕೆ ಅವಳಿಗೆ. ಮಧ್ಯಾಹ್ನದ ಅಭ್ಯಾಸದಲ್ಲಿ ಅವಳ ಬೆರಳುಗಳ ಓಟ ಕಂಡು ತಂಡದವರೆಲ್ಲ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಪದ್ಮಯ್ಯ ಪ್ರೀತಿಯಿಂದ ಕೇಳಿದರು, “ಲಾಯ್ಕ ಆಯ್ತು ಮಗಾ. ಇದು ಯಾರ ಪದ?”

ಚಪ್ಪಾಳೆ ನಿಂತುಹೋಯಿತು.

ಯಶವಂತಿ ವೇದಿಕೆಯ ಹಿಂದೆ ನಿಂತಿದ್ದ ಐತಪ್ಪನವರ ಬಳಿ ಓಡಿದಳು. “ಅಜ್ಜನಿಗೆ ವಯಸ್ಸಾಯ್ತು ಗುರುಗಳೇ. ಕಿವಿ ಸರಿ ಕೇಳುದಿಲ್ಲ.”

“ಉಳಿದವರು ನುಡಿಸಿದ ಪದಗಳೆಲ್ಲ ಅವರಿಗೆ ಗುರ್ತ ಸಿಕ್ಕಿತಲ್ಲ?”

ಅವಳು ಕೈಯಲ್ಲಿದ್ದ ವಾದ್ಯವನ್ನು ಒರೆಸತೊಡಗಿದಳು.

“ಪದದ ಮಾತು ಹೇಳು, ಕೇಳುವ.”

ಮೊದಲ ಸಾಲು ಬಂತು. ಎರಡನೆಯದಕ್ಕೆ ಬಾಯಿ ಕಟ್ಟಿತು. ಮದುವೆಗಳಲ್ಲಿ ಜನ ಮೊದಲ ಸಾಲನ್ನು ಕೂಗಿ ಕುಣಿಯುತ್ತಾರೆ. ಎರಡನೆಯದರ ಹೊತ್ತಿಗೆ ವಾದ್ಯದ ಅಬ್ಬರದಲ್ಲಿ ಮಾತು ಯಾರಿಗೂ ಬೇಕಿರುವುದಿಲ್ಲ.

“ಗಡಿಬಿಡಿಯಲ್ಲಿ ಬರೀ ರಾಗ ಹಿಡ್ಕೊಂಡೆ,” ಎಂದಳು.

“ಮದುವೆ ಗಡಿಬಿಡಿಯಲ್ಲಿ ತಾಳಿ ಮರೆತ ಹಾಗೆ.”

ಗುರುಗಳು ನಕ್ಕಾರೆಂದು ಅವಳು ನಕ್ಕಳು. ಅವರು ನಗಲಿಲ್ಲ. ಅವಳ ಕೈಯಿಂದ ವಾದ್ಯ ತೆಗೆದು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮೇಲೆ ತಾವೇ ಕೂತುಬಿಟ್ಟರು.

“ಕಛೇರಿಗೆ ಇನ್ನೊಂದು ಗಂಟೆ ಉಂಟು. ಅವರ ಹತ್ರ ಹೋಗಿ ಕಲಿ. ಇವತ್ತು ಅವರ ಪದ ಅವರಿಗೆ ಗುರ್ತ ಸಿಗದಿದ್ದರೆ, ಇನ್ನು ನನ್ನ ಹೆಸರು ಹೇಳಿ ವೇದಿಕೆ ಹತ್ತಬೇಡ.”

ಹನ್ನೆರಡು ವರ್ಷ ಗುರುಗಳ ಅಂಗಳದಲ್ಲಿ ಕಲಿತವಳು ಅವಳು.

“ನಿಮ್ಮ ಪದ ನಂಗೆ ಬರುದಿಲ್ಲ ಅಂತ ಅವರಿಗೇ ಹೇಗೆ ಹೇಳುದು ಗುರುಗಳೇ?”

ಗುರುಗಳು ಕಣ್ಣು ಮುಚ್ಚಿಕೊಂಡರು.

ಅವಳು ಹೋದಳು. ಪದ್ಮಯ್ಯನವರ ಕುರ್ಚಿಯ ಬಳಿ ನೆಲದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುದುಕರು ಬೈಯಲಿಲ್ಲ. ಒಡಕು ದನಿಯಲ್ಲಿ ಮೆಲ್ಲಗೆ ಹಾಡಿದರು:

“ಕೊನೆಯ ದೋಣಿ ನಿಲ್ಲಿಸಣ್ಣಾ,
ನನ್ನ ತಂಗಿ ಬರಲಿಕ್ಕುಂಟು.”

ಯಶವಂತಿ ಎಷ್ಟೋ ಮದುವೆಗಳಲ್ಲಿ ಇದಕ್ಕೆ ಕುಣಿದಿದ್ದಳು.

“ತಂಗಿ ಬಂದ್ರಾ ಅಜ್ಜಾ?”

“ದೋಣಿಯವ ಪಾಪ, ತುಂಬಾ ಹೊತ್ತು ಕಾದ,” ಎಂದರು ಪದ್ಮಯ್ಯ. “ಅವಳು ಬರ್ಲಿಲ್ಲ.”

ಅವಳು ಆ ಎರಡು ಸಾಲನ್ನು ಅವರ ಜೊತೆ ಮತ್ತೆ ಮತ್ತೆ ಹಾಡಿದಳು. ಅಷ್ಟರಲ್ಲಿ ಜನ ಸೇರಿದರು, ಕಛೇರಿ ಶುರುವಾಯಿತು, ಒಂದೊಂದೇ ಹಾಡು ಮುಗಿದು ಅವಳ ಹೆಸರು ಕೂಗಿದರು. ಗುರುಗಳು ಪೆಟ್ಟಿಗೆಯಿಂದ ಎದ್ದು ವಾದ್ಯ ಕೊಟ್ಟರು.

ಅವಳು ವೇದಿಕೆ ಹತ್ತಿದಳು. ಕಲಿತ ಓಟಗಳೆಲ್ಲ ಎಲ್ಲಿ ಹೋದವೋ! ಮೊದಲ ಸಾಲನ್ನು ಸುಮ್ಮನೆ, ಇದ್ದ ಹಾಗೆ ಊದಿದಳು. ಜನ ಗುರುತು ಹಿಡಿದು ಕೇಕೆ ಹಾಕಿದರು.

ಎರಡನೇ ಸಾಲು ಬಂತು. ಬಾರದ ತಂಗಿ ನೆನಪಾಗಿ ಉಸಿರೇ ಹೊರಡಲಿಲ್ಲ.

ಡ್ರಮ್ಸ್ ನುಡಿಸುವವನು ತಾಳ ಬಿಡದೆ ಅವಳ ಮುಖ ನೋಡಿದ. ಅವಳು ಮತ್ತೆ ಮೊದಲ ಸಾಲು ಊದಿದಳು. ಮತ್ತೆ ಅಲ್ಲಿಗೇ ಬಂದು ನಿಂತಳು. ಕೇಕೆ ಅಡಗಿತು. ಸಾವಿರ ಜನರ ಮುಂದೆ ಬಾಯಲ್ಲಿ ವಾದ್ಯವಿಟ್ಟುಕೊಂಡು ಮೂಕಿಯಾಗಿ ನಿಲ್ಲುವ ಕಷ್ಟ ಶತ್ರುವಿಗೂ ಬೇಡ.

ಮೂರನೇ ಸಲವೂ ಅದೇ ಜಾಗ, ಅದೇ ಮೌನ. ಆಗ ಮುಂದಿನ ಕುರ್ಚಿಗಳ ಸಾಲಿನಿಂದ ಒಂದು ಒಡಕು ದನಿ ಎದ್ದಿತು.

“ನನ್ನ ತಂಗಿ ಬರಲಿಕ್ಕುಂಟು...”

ಪದ್ಮಯ್ಯ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ಅವಳು ಒಂದು ಸಾಲು ಊದುವುದು, ಅವರು ಒಂದು ಸಾಲು ಹಾಡುವುದು; ಹೀಗೇ ಹಾಡು ಮುಗಿಯಿತು.

ಜನ ಎದ್ದು ನಿಂತದ್ದನ್ನು ಅವಳು ನೋಡಲಿಲ್ಲ. ನೇರ ಗುರುಗಳ ಬಳಿ ಬಂದು ಅತ್ತುಬಿಟ್ಟಳು.

“ಎಲ್ಲಾ ಹಾಳು ಮಾಡಿದೆ ಗುರುಗಳೇ. ಎರಡನೇ ಸಾಲು ಊದ್ಲಿಕ್ಕೇ ಆಗ್ಲಿಲ್ಲ.”

ಗುರುಗಳು ಹೆಗಲ ಬೈರಾಸು ತೆಗೆದು ಕಣ್ಣೊರೆಸಿಕೊಳ್ಳಲು ಅವಳಿಗೆ ಕೊಟ್ಟರು.

“ನೀನು ಊದಿದ್ದರೆ, ಅವರು ಎಲ್ಲಿ ಹಾಡ್ಬೇಕಿತ್ತು?”