ಸುವಾರ್ತಮ್ಮನ ಎರಡು ದೀಕ್ಷಾಸ್ನಾನ

ಹನ್ನಮ್ಮನವರ ಮನೆ ಹೊಳೆಯ ದಂಡೆಯಲ್ಲಿತ್ತು. ಭಾನುವಾರ ಅಲ್ಲಿ ಜನ ಸೇರುತ್ತಿದ್ದರು, ಓದುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ತಂದದ್ದನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಬಾಗಿಲ ಮೇಲೆ ಯಾವ ಹೆಸರೂ ಇರಲಿಲ್ಲ.

ಒಂದು ಬೆಳಿಗ್ಗೆ ಅವರ ಶಿಷ್ಯ ನತಾನಯೇಲ ಬಂದು ಹೊಸ್ತಿಲಲ್ಲೇ ನಿಂತ.

“ಅಮ್ಮಾ, ಅಪೊಸ್ತಲರು ಕಟ್ಟಿದ ಸಭೆ ಈಗ ಯಾವುದು? ಕಲ್ಲುಚರ್ಚಿನವರದೋ, ತಗಡಿನ ಶೆಡ್ಡಿನವರದೋ?”

ಹನ್ನಮ್ಮ ಜೋಳದ ಹಿಟ್ಟು ನಾದುತ್ತಿದ್ದರು.

“ಇಷ್ಟು ವರ್ಷ ಇಲ್ಲದ ಅವಸರ ಇವತ್ತು ಯಾಕೋ?”

“ಅವ್ವನಿಗೆ ಇನ್ನು ಔಷಧ ಬೇಡ ಅಂದುಬಿಟ್ಟರು ಡಾಕ್ಟರು. ಮನೆಗೆ ಕರೆತಂದಿದ್ದೇನೆ.”

ಹಿಟ್ಟಿನ ಮೇಲಿನ ಕೈ ನಿಂತಿತು.

“ಏನು ಕೇಳುತ್ತಾಳೆ ಸುವಾರ್ತಿ?”

“ಅಪ್ಪನ ಪಕ್ಕದಲ್ಲಿ ಮಲಗಿಸು ಅನ್ನುತ್ತಾಳೆ. ಬೇರೇನೂ ಇಲ್ಲ.”

“ಮಲಗಿಸು.”

“ಅಪ್ಪನನ್ನು ಹೂಳಿದ್ದು ಕಲ್ಲುಚರ್ಚಿನ ನೆಲದಲ್ಲಿ. ಅವ್ವನಿಗೂ ಅಲ್ಲೇ ಹಸುಗೂಸಾಗಿದ್ದಾಗ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಅವಳು ಶೆಡ್ಡಿನವರ ಜೊತೆ ಹೋಗಿ ಹೊಳೆಯಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದಳು. ಕಲ್ಲುಚರ್ಚಿನವರು ಅವಳನ್ನು ಸಭೆಯಿಂದ ಹೊರಗಿಟ್ಟರು. ಎಲ್ಲ ನಿಮಗೆ ಗೊತ್ತಿರುವುದೇ.”

“ಈಗ ಏನನ್ನುತ್ತಾರೆ?”

“ಮುಳುಗಿದ್ದು ತಪ್ಪಾಯಿತು ಅಂತ ಸಭೆಯ ಮುಂದೆ ಹೇಳಬೇಕಂತೆ. ಆಮೇಲೆ ಜಾಗ ಕೊಡುತ್ತಾರಂತೆ. ಶೆಡ್ಡಿನ ಬ್ರದರ್ ಹತ್ತಿರ ಹೋದೆ. ಊರಾಚೆ ನಮ್ಮದೂ ಜಾಗ ಇದೆ ಬನ್ನಿ ಅಂದರು. ಆದರೆ ಮೊದಲು ಚಿಮುಕಿಸಿದ್ದು ದೀಕ್ಷಾಸ್ನಾನವೇ ಅಲ್ಲ ಅಂತ ನಾನು ಸಾಕ್ಷಿ ಹೇಳಬೇಕಂತೆ.”

“ಒಬ್ಬರಿಗೆ ಕೊಡ ತುಂಬಿದ್ದು ಹೆಚ್ಚಾಯಿತು, ಇನ್ನೊಬ್ಬರಿಗೆ ಹನಿ ಕಮ್ಮಿಯಾಯಿತು” ಎಂದರು ಹನ್ನಮ್ಮ.

“ತಮಾಷೆ ಮಾಡಬೇಡಿ ಅಮ್ಮಾ. ಅವ್ವನಿಗೆ ಏಳಲು ಆಗುವುದಿಲ್ಲ. ಅವಳ ಪರವಾಗಿ ಮಗ ಹೇಳಿದರೂ ಸಾಕು ಅಂದಿದ್ದಾರೆ ಕಲ್ಲುಚರ್ಚಿನ ಅಯ್ಯನವರು. ಒಂದೇ ಒಂದು ಮಾತು. ಅವಳಿಗೆ ಗೊತ್ತೂ ಆಗುವುದಿಲ್ಲ. ಅಪೊಸ್ತಲರ ಸಭೆ ಕಲ್ಲುಚರ್ಚೇ ಅಂತ ನೀವು ಹೇಳಿಬಿಟ್ಟರೆ, ಆ ಮಾತು ನನಗೆ ಸುಳ್ಳು ಅನ್ನಿಸುವುದಿಲ್ಲ.”

ಹನ್ನಮ್ಮ ಕೈ ತೊಳೆದುಕೊಂಡರು.

“ನಡಿ. ನಿನ್ನ ಅವ್ವನನ್ನು ನೋಡೋಣ.”

ದಾರಿಯಲ್ಲಿ ನತಾನಯೇಲ ಕೇಳಿದ.

“ಅಪೊಸ್ತಲರ ಕಾಲದವರ ಸಭೆಗೆ ಹೆಸರೇನಿತ್ತು?”

“ಹೆಸರಿರಲಿಲ್ಲ. ಯಾರ ಮನೆಯಲ್ಲಿ ಕೂಡುತ್ತಿದ್ದರೋ ಆ ಮನೆಯವರ ಹೆಸರು ಹೇಳುತ್ತಿದ್ದರು. ಎಷ್ಟೋ ಸಲ ಆ ಮನೆಯ ಹೆಂಗಸಿನ ಹೆಸರು.”

“ಮತ್ತೆ ಇವರು ನಮ್ಮವರು ಅಂತ ತಿಳಿಯುತ್ತಿದ್ದುದು ಹೇಗೆ?”

“ಅರಸನ ಸಿಪಾಯಿಗಳು ಬಂದಾಗ ತಿಳಿಯುತ್ತಿತ್ತು. ಓಡಿಹೋಗದೆ ಉಳಿದವರೇ ನಮ್ಮವರು.”

“ಅವರಲ್ಲಿ ಜಗಳವೇ ಇರಲಿಲ್ಲವೇ?”

“ಇಲ್ಲದೆ ಏನು? ಯಾರು ಏನು ತಿನ್ನಬೇಕು ಅಂತ ಜಗಳ. ವಿಧವೆಯರಿಗೆ ಬಡಿಸುವುದರಲ್ಲಿ ಹೆಚ್ಚುಕಮ್ಮಿ ಅಂತ ಜಗಳ. ನಮಗಿಂತ ಜೋರಾಗಿಯೇ ಆಡಿದರು.”

“ಹಾಗಾದರೆ ನಮಗೂ ಅವರಿಗೂ ಏನು ವ್ಯತ್ಯಾಸ?”

“ಜಗಳ ಆಡಿ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಎದ್ದುಹೋಗಿ ಬೇರೆ ಒಲೆ ಹೂಡಲಿಲ್ಲ.”

ಸುವಾರ್ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಜ್ಜೆಯ ಸದ್ದಿಗೆ ತಿರುಗಿದಳು.

“ಹನ್ನಕ್ಕಾ, ಬಂದೆಯಾ? ನನ್ನ ಮಗ ಮೂರು ದಿನದಿಂದ ಪೇಚಾಡುತ್ತಿದ್ದಾನೆ. ಸಾಯುತ್ತಿರುವವಳು ನಾನು, ಮುಖ ನೋಡಿದರೆ ಅವನದೇ ಸಾವು.”

“ನಿನಗಾಗಿ ಒಂದು ಮಾತು ಹೇಳಬೇಕಂತೆ ಅವನು. ನೀನು ಹೊಳೆಯಲ್ಲಿ ಮುಳುಗಿದ್ದು ತಪ್ಪು ಅಂತ.”

ನತಾನಯೇಲ ತಲೆ ತಗ್ಗಿಸಿದ.

ಸುವಾರ್ತಮ್ಮ ಮಗನನ್ನು ನೋಡಿದಳು.

“ಕೂಸಾಗಿದ್ದಾಗ ನನ್ನಪ್ಪ ನನ್ನನ್ನು ಎತ್ತಿಕೊಂಡು ಹೋದ. ಮುದುಕಿಯಾದ ಮೇಲೆ ನಾನೇ ನಡೆದುಕೊಂಡು ಹೋದೆ. ಹೋದದ್ದು ಒಬ್ಬನ ಹತ್ತಿರವೇ. ಇದರಲ್ಲಿ ಯಾವುದನ್ನು ತಪ್ಪು ಅನ್ನಲಿ? ನನ್ನಪ್ಪನ ತೋಳನ್ನೋ, ನನ್ನ ಕಾಲನ್ನೋ?”

“ಅಪ್ಪನ ಪಕ್ಕದಲ್ಲಿ ಇರಬೇಕು ಅಂದವಳು ನೀನೇ ಅಲ್ಲವೇ ಅವ್ವಾ?”

“ಹೌದು, ಇರಬೇಕು. ಆದರೆ ಸುಳ್ಳು ಹೇಳಿ ಹೋಗಿ ಮಲಗಿದೆ ಅನ್ನು, ನಿನ್ನಪ್ಪ ಆ ಕಡೆ ತಿರುಗಿ ಮಲಗುತ್ತಾನೆ. ಅವನ ಸಿಟ್ಟು ನಿನಗೆ ಗೊತ್ತಿಲ್ಲ, ಸಂಸಾರ ಮಾಡಿದವಳು ನಾನು.”

ಅವಳು ನಕ್ಕಳು. ನಗು ಕೆಮ್ಮಾಯಿತು. ಹನ್ನಮ್ಮ ಅವಳ ತುಟಿಗೆ ನೀರು ಮುಟ್ಟಿಸಿದರು.

ಶನಿವಾರ ಬೆಳಕು ಹರಿಯುವಾಗ ಸುವಾರ್ತಮ್ಮ ತೀರಿಕೊಂಡಳು.

ಹೊಳೆದಂಡೆಯ ಮನೆಯಲ್ಲಿ ಕೂಡುತ್ತಿದ್ದವರು ಬಂದು ಹೆಣ ಹೊತ್ತರು. ಮುಂದೆ ನತಾನಯೇಲ ಹೆಗಲು ಕೊಟ್ಟ.

“ಎಲ್ಲಿಗೆ ಅಮ್ಮಾ?” ಎಂದು ಕೇಳಿದ.

“ಅವಳು ಕೇಳಿದಲ್ಲಿಗೆ.”

ಕಲ್ಲುಚರ್ಚಿನ ಸಮಾಧಿ ನೆಲದ ಗೇಟಿಗೆ ಬೀಗ ಬಿದ್ದಿತ್ತು. ಸಭಾಹಿರಿಯ ಸೊಲೊಮೋನಪ್ಪ ಒಳಗಡೆ ನಿಂತಿದ್ದ. ಕೈಯಲ್ಲಿ ಬೀಗದ ಕೈ ಇತ್ತು, ಕಣ್ಣು ಕೆಂಪಾಗಿತ್ತು.

“ಸುವಾರ್ತಕ್ಕನ ಕೈಯ ಊಟ ಉಂಡು ಬೆಳೆದವನು ನಾನು” ಎಂದ. “ನನಗೇನು ಖುಷಿಯೇ? ಆದರೆ ನಿಯಮ ಇದೆ ಹನ್ನಮ್ಮನವರೇ. ಹಳೆಯ ನಿಯಮ.”

“ಎಷ್ಟು ಹಳೆಯದು?”

“ನಮ್ಮ ಅಜ್ಜನ ಕಾಲದ್ದು.”

“ಓ, ಮೊನ್ನೆಯದು” ಎಂದರು ಹನ್ನಮ್ಮ.

ಸೊಲೊಮೋನಪ್ಪ ನತಾನಯೇಲನ ಕಡೆ ತಿರುಗಿದ.

“ತಮ್ಮಾ, ಬಿಸಿಲೇರುತ್ತಿದೆ. ಹಟ ಬೇಡ. ನಿನ್ನ ಅವ್ವ ತಪ್ಪಿದಳು ಅಂತ ಒಂದು ಮಾತು ಹೇಳು. ಇಲ್ಲೇ, ನನ್ನ ಮುಂದೆ ಹೇಳಿದರೂ ಸಾಕು. ಸಭೆಗೆ ನಾನು ಸಮಾಧಾನ ಹೇಳುತ್ತೇನೆ. ನಿನ್ನಪ್ಪನ ಮಗ್ಗುಲು ಖಾಲಿ ಇದೆ ನೋಡು.”

ಗೇಟಿನ ಸರಳುಗಳ ನಡುವೆ ನತಾನಯೇಲನಿಗೆ ಅಪ್ಪನ ಸಮಾಧಿ ಕಾಣಿಸಿತು. ಅದು ಹಿಂಬದಿಯ ಗೋಡೆಗೆ ತಾಗಿಕೊಂಡೇ ಇತ್ತು. ಈ ಮಗ್ಗುಲಲ್ಲಿ ಹುಲ್ಲು ಬೆಳೆದಿತ್ತು.

ಅವನು ಗುರುವಿನ ಮುಖ ನೋಡಿದ. ಹನ್ನಮ್ಮ ಹೊಳೆಯ ಕಡೆ ನೋಡುತ್ತಿದ್ದರು.

“ನೀವೇ ಹೇಳಿ ಅಮ್ಮಾ, ಏನು ಮಾಡಲಿ?”

“ಬಾಯಿ ನಿನ್ನದು.”

ಹೊತ್ತವರ ಹೆಗಲು ನೋಯುತ್ತಿತ್ತು. ಯಾರೂ ಇಳಿಸಿ ಎನ್ನಲಿಲ್ಲ.

ನತಾನಯೇಲ ಬಾಯಿ ತೆರೆದ.

“ಸೊಲೊಮೋನಣ್ಣಾ, ನನ್ನ ಅವ್ವ ಎರಡು ಸಲ ದೇವರ ಹತ್ತಿರ ಹೋದಳು. ನಾನು ಒಂದು ಸಲವೂ ಸರಿಯಾಗಿ ಹೋಗಿಲ್ಲ. ತಪ್ಪು ಅಂತ ಹೇಳಲೇಬೇಕಾದರೆ ನನ್ನದನ್ನು ಹೇಳುತ್ತೇನೆ. ಅವಳದನ್ನು ಹೇಳುವುದಿಲ್ಲ.”

ಸೊಲೊಮೋನಪ್ಪ ಬೀಗದ ಕೈಯನ್ನು ಒಮ್ಮೆ ನೋಡಿದ. ಆಮೇಲೆ ಜೇಬಿಗೆ ಹಾಕಿಕೊಂಡ.

“ಹಾಗಾದರೆ ನಾನು ತೆಗೆಯಲಾರೆ.”

“ಬೇಡ” ಎಂದರು ಹನ್ನಮ್ಮ. “ನಡೆಯಿರಿ, ಸುತ್ತು ಹಾಕೋಣ.”

ಅವರು ಗೋಡೆಯ ಗುಂಟ ನಡೆದು ಹಿಂಬದಿಗೆ ಬಂದರು. ಅಲ್ಲಿ ಗೋಡೆಗೆ ಹತ್ತಿದಂತೆ ಹುಸೇನಸಾಬರ ಹೊಲ. ಜೋಳ ಕೊಯ್ದಾಗಿತ್ತು. ಸಾಬರು ಬದುವಿನ ಮೇಲೆ ಕೂತು ಎಲೆ ಮೆಲ್ಲುತ್ತಿದ್ದರು. ಹೆಣ ಕಂಡು ಎದ್ದು ನಿಂತರು.

“ಸಾಬರೇ, ನಿಮ್ಮ ಹೊಲದ ಈ ಅಂಚಿನಲ್ಲಿ ಒಂದಿಷ್ಟು ನೆಲ ಬೇಕು” ಎಂದರು ಹನ್ನಮ್ಮ.

ಸಾಬರು ಬಾಯಲ್ಲಿದ್ದುದನ್ನು ಉಗಿದರು. ಬಾಯಿ ಒರೆಸಿಕೊಂಡರು.

“ಎಷ್ಟು ಉದ್ದ ಬೇಕು ತಾಯಿ?” ಎಂದರು.

ಬೇರೇನೂ ಕೇಳಲಿಲ್ಲ. ಗುಡಿಸಲಿನಿಂದ ಹಾರೆ, ಸಲಿಕೆ ತಂದುಕೊಟ್ಟರು.

ಹನ್ನಮ್ಮ ಗೋಡೆಗೆ ಕೈಯಿಟ್ಟು ನಡೆದರು. ನತಾನಯೇಲನ ಅಪ್ಪನ ಸಮಾಧಿಯ ಶಿಲುಬೆಯ ತಲೆ ಮಾತ್ರ ಗೋಡೆಯಾಚೆ ಕಾಣುತ್ತಿದ್ದಲ್ಲಿ ನಿಂತರು.

“ಇಲ್ಲಿ.”

ನತಾನಯೇಲ ಅಂಗಿ ಕಳಚಿ ಅಗೆಯತೊಡಗಿದ. ಇತರರು ಕೈ ಕೊಡಲು ಬಂದರೆ ಬೇಡವೆಂದ. ಮೇಲಿನ ಮಣ್ಣು ಸಡಿಲವಾಗಿತ್ತು, ಬೇಗ ಬಂತು. ಮೊಣಕಾಲಿನ ಆಳಕ್ಕೆ ಹೋದಾಗ ಒಂದು ಬದಿಯಲ್ಲಿ ಗೋಡೆಯ ಬುನಾದಿಯ ಕಲ್ಲು ಬಂತು. ಗಾರೆ ಹಾಕಿ ಕೂರಿಸಿದ ದಪ್ಪ ಕಲ್ಲು. ಹಾರೆ ತಾಗಿ ಕಿಡಿ ಹಾರಿತು.

ಅವನು ಹಾರೆ ಕೆಳಗಿಟ್ಟ. ಕಲ್ಲಿನ ಮೇಲೆ ಅಂಗೈ ಬಡಿದ. ಮತ್ತೆ ಬಡಿದ.

“ನೋಡಿ ಅಮ್ಮಾ! ನಾನು ಬಗ್ಗಲಿಲ್ಲ. ಅವ್ವನೂ ಬಗ್ಗಲಿಲ್ಲ. ಏನಾಯಿತು? ಅಪ್ಪ ಆ ಕಡೆ, ಅವ್ವ ಈ ಕಡೆ. ಗೋಡೆ ನಡುವೆ ಉಳಿದೇಬಿಟ್ಟಿತಲ್ಲ!”

ಹನ್ನಮ್ಮ ಗುಂಡಿಯ ಅಂಚಿನಲ್ಲಿ ಕೂತರು. ಸೀರೆಯ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು. ಹಾರೆಯನ್ನೆತ್ತಿ ಅವನ ಕೈಗೆ ಕೊಟ್ಟರು.

“ಇನ್ನೂ ಅಗೆ ಮಗಾ. ಅವರಿಬ್ಬರೂ ಮಲಗುವಷ್ಟು ಆಳಕ್ಕೆ ಗೋಡೆ ಇಳಿದಿಲ್ಲ.”