ಸಂಕಷ್ಟಿಯ ದಿನ ಹಾಕಿದ ಅಂಕ

ಧಾರವಾಡದಲ್ಲಿ ಹೊರರಾಜ್ಯದವರ ಕನ್ನಡ ಪರೀಕ್ಷೆ ಮುಗಿದಿತ್ತು. ಒಡಿಶಾದ ನರ್ಸ್ ಒಬ್ಬಳು ಪ್ರಬಂಧದಲ್ಲಿ ಬರೆದಿದ್ದಳು: 'ಅಜ್ಜಿ ಮಾತ್ರೆ ನುಂಗುವುದಿಲ್ಲ. ನನ್ನ ಕನ್ನಡ ಕೇಳಿ ನಗುತ್ತಾಳೆ. ಬಾಯಿ ತೆರೆದಾಗ ಮಾತ್ರೆ ಹಾಕುತ್ತೇನೆ.'

ವಿಮಲಾ ಟೀಚರು ಹತ್ತಕ್ಕೆ ಎಂಟು ಕೊಟ್ಟರು. ಅದನ್ನೇ ಎರಡನೇ ಸಲ ತಿದ್ದಿದ ಪುಂಡಲೀಕ ಮಾಸ್ತರರು ಕೊಟ್ಟದ್ದು ಮೂರು. ನಪಾಸಾದರೆ ಆಕೆಯ ನೌಕರಿ ಕಾಯಂ ಆಗುವುದಿಲ್ಲ.

ಮಾಸ್ತರರು ಪ್ರಬಂಧವನ್ನು ಮತ್ತೆ ತೆರೆದು ನೋಡಲೂ ಇಲ್ಲ. "ಮೂವತ್ತು ವರ್ಷದಿಂದ ನನ್ನ ತಕ್ಕಡಿ ಅಲುಗಾಡಿಲ್ಲ. ವರದಿಯೊಳಗ ಟೀಚರದೇ ತಪ್ಪು ಅಂತ ಬರಿ," ಎಂದು ಗುಮಾಸ್ತೆ ನೀಲವ್ವನಿಗೆ ಹೇಳಿದರು.

"ಆಗಲ್ರೀ ಸರ, ನಾಳೆ ಬರೀತೀನ್ರಿ."

ಮರುದಿನ ಮಾಸ್ತರರು ಉಪ್ಪಿಟ್ಟು ತಿಂದು ತಿದ್ದಲು ಕುಳಿತರು. ನೀಲವ್ವ ಅದೇ ಪ್ರಬಂಧವನ್ನು ತನ್ನ ಕೈಬರಹದಲ್ಲಿ ನಕಲು ಮಾಡಿ ಆ ದಿನದ ಉತ್ತರಪತ್ರಿಕೆಗಳ ಕಟ್ಟಿನೊಳಗೆ ಸೇರಿಸಿದ್ದಳು. ಮಾಸ್ತರರು ಓದಿದರು, ನಕ್ಕರು, ಏಳು ಹಾಕಿದರು.

ಆಕೆ ಹಿಂದಿನ ದಿನ ಮೂರು ಹಾಕಿದ್ದ ನರ್ಸಿನ ಪತ್ರಿಕೆಯನ್ನು ತಂದು ಪಕ್ಕದಲ್ಲಿಟ್ಟಳು.

ಮಾಸ್ತರರು ಎರಡನ್ನೂ ಜೋಡಿಸಿ ನೋಡಿದರು. "ನಿನ್ನೆ ನನಗೇನಾಗಿತ್ತು?"

"ಸಂಕಷ್ಟಿ ಇತ್ತಲ್ರೀ. ಚಂದ್ರ ಕಾಣೋತನಕ ನೀವು ಏನೂ ತಿಂದಿರಲಿಲ್ಲ."

ಅವರು ಕನ್ನಡಕ ಒರೆಸಿಕೊಂಡರು. "ನಿನ್ನೆಯ ಕಟ್ಟು ಪೂರ್ತಿ ತಗೊಂಡು ಬಾ."

"ಆಗಲೇ ನಿಮ್ಮ ಎಡಗಡೆ ಇಟ್ಟೀನ್ರಿ. ಚಹಾನೂ ಹೇಳೀನ್ರಿ."