ಕಡಲುಪ್ಪಿನ ಗಾಡಿ

ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಕಾಲದ ಮಾತು. ಸವುಳು ಮಣ್ಣು ಕೆರೆದು ತಂದು, ನೀರಲ್ಲಿ ಕದಡಿ, ಸೋಸಿ, ಆ ತಿಳಿಯನ್ನು ಬಿಸಿಲಿಗೆ ಬಿಟ್ಟರೆ ಕೆಲವು ದಿನಕ್ಕೆ ಉಪ್ಪು. ಬಣ್ಣ ಕಂದು, ನಾಲಗೆಗೆ ಸ್ವಲ್ಪ ಒಗರು. ನನಗೆ ಇದನ್ನು ಹೇಳಿದ್ದು ನಮ್ಮಜ್ಜಿ. ಹೇಳುವಾಗಲೂ ಅವಳ ನಾಲಗೆ ಆ ರುಚಿ ಹುಡುಕುತ್ತಿತ್ತು.

ಹೊಳೆ ದಂಡೆಯ ಆಶ್ರಮದಲ್ಲಿ ಗವಿಸಿದ್ಧಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ತಿಪ್ಪಯ್ಯ ಉಪ್ಪು ತೆಗೆಯುವ ಮನೆಯವನು. ಒಂದು ಬೆಳಿಗ್ಗೆ ಅವನ ಅಣ್ಣ ಬೊಮ್ಮಣ್ಣ ಬಂದು ಗುರುಗಳಿಗೆ ಅಡ್ಡಬಿದ್ದ.

“ಬುದ್ಧೀ, ಕಡಲುಪ್ಪಿನ ಗಾಡಿಗಳು ಹೊಳೆ ದಾಟಿ ಬರ್ತಾ ಅವೆ. ನಮ್ಮದರ ಅರ್ಧ ಬೆಲೆ. ನಮ್ಮುಪ್ಪು ಕೇಳೋರೇ ಇಲ್ಲ. ನಲವತ್ತು ಮನೆ ಒಲೆ ಆರ್ತದೆ. ಗಾಡಿ ಹೊಳೆ ದಾಟಬಾರದು ಅಂತ ತಾವೊಂದು ಮಾತು ಹೇಳಿ.”

ಆ ಸೀಮೆಯಲ್ಲಿ ಗುರುಗಳ ಮಾತು ಮೀರುವವರು ಇರಲಿಲ್ಲ.

“ಹೇಳಿಬಿಡಿ ಬುದ್ಧೀ,” ಎಂದ ತಿಪ್ಪಯ್ಯನೂ. “ತಮ್ಮ ತಾಯಿಯೂ ಉಪ್ಪು ತೆಗೆದವರೇ ಅಲ್ವಾ?”

“ಹೌದು. ಅವಳ ಅಂಗೈಯೆಲ್ಲ ಬಿರುಕು. ಅದೇ ಕೈಯಲ್ಲಿ ನವಣೆ ಅನ್ನ ಕಲಸಿ ಕೊಡೋಳು. ಬೇರೆ ಉಪ್ಪು ಹಾಕೋದೇ ಬೇಕಿರಲಿಲ್ಲ.”

ಗುರುಗಳು ತಿಪ್ಪಯ್ಯನ ಕಡೆ ತಿರುಗಿದರು.

“ಆಗಲಿ, ಹೇಳ್ತೀನಿ. ಅದಕ್ಕೆ ಮುಂಚೆ, ತಿಪ್ಪಾ, ಊರಿನ ಮೊದಲನೇ ಮನೆಗೆ ಹೋಗು. ಇನ್ನು ಕಡಲುಪ್ಪು ಬರಲ್ಲ ಅಂತ ನೀನೇ ಹೇಳಿ ಬಾ.”

ಇಷ್ಟೇ ತಾನೇ ಎಂದುಕೊಂಡು ತಿಪ್ಪಯ್ಯ ಹೊರಟ. ಮರಳಿದ್ದು ಮಧ್ಯಾಹ್ನಕ್ಕೆ, ಮುಖ ಸಣ್ಣದು ಮಾಡಿಕೊಂಡು.

“ಹೇಳಿದ್ಯಾ?”

“ಇಲ್ಲ ಬುದ್ಧೀ. ಬಾಯಿ ಬರಲಿಲ್ಲ.”

“ಯಾಕಪ್ಪಾ?”

“ಆ ಮನೆ ಹೊನ್ನಜ್ಜಿ ಮಾವಿನಕಾಯಿ ಉಪ್ಪಿಗೆ ಹಾಕ್ತಾ ಇದ್ರು. ದೊಡ್ಡ ಭರಣಿ ತುಂಬಾ. ಪ್ರತಿವರ್ಷ ಉಪ್ಪು ಸಾಲದೆ ನಾಲ್ಕೇ ಕಾಯಿ ಹಾಕ್ತಿದ್ರಂತೆ, ಉಳಿದದ್ದು ಮರದಡಿ ಕೊಳೀತಿತ್ತಂತೆ. ಈ ಸಲ ಕಡಲುಪ್ಪು ಅಗ್ಗ, ಮೊಮ್ಮಕ್ಕಳು ಮಳೆಗಾಲ ಪೂರ್ತಿ ಅಂಬಲಿಗೆ ನಂಚಿಕೊಳ್ತವೆ ಅಂತ ನಗ್ತಿದ್ರು. ನನ್ನನ್ನೂ ಊಟಕ್ಕೆ ಕೂರಿಸಿದ್ರು.”

ಬೊಮ್ಮಣ್ಣನ ದನಿ ಗಡುಸಾಯಿತು. “ಆ ಮಕ್ಕಳಿಗೆ ಉಪ್ಪಿನಕಾಯಿ. ನನ್ನ ಮಕ್ಕಳಿಗೆ?”

ಕೇಳಬೇಕಾದ ಮಾತನ್ನೇ ಕೇಳಿದ್ದ. ಗುರುಗಳು ಕೋಪಿಸಿಕೊಳ್ಳಲಿಲ್ಲ.

“ಆ ಗಾಡಿಗಳು ವಾಪಸು ಹೋಗುವಾಗ ಏನು ಹೇರಿಕೊಂಡು ಹೋಗ್ತವೆ?”

“ಏನೂ ಇಲ್ಲ. ಖಾಲಿ.”

“ಕಡಲಕಡೆ ಜನಕ್ಕೆ ಏನೂ ಬೇಡವಂತಾ?”

ಬೊಮ್ಮಣ್ಣ ತಲೆ ಕೆರೆದುಕೊಂಡ. “ಗಾಡಿಯವನು ಕಂಬಳಿ ಕೇಳ್ತಿದ್ದ. ಮೆಣಸಿನಕಾಯಿ ಕೇಳ್ತಿದ್ದ. ನಾನು ಮುಖ ಕೊಟ್ಟು ಮಾತಾಡಲಿಲ್ಲ.”

“ಈಗ ಮಾತಾಡು.”

“ಮಾತಾಡ್ತೀನಿ ಬುದ್ಧೀ. ಹೊಟ್ಟೆಗೆ ದಾರಿ ಆಗಬಹುದು. ಆದರೆ ಅಪ್ಪ ಅವ್ವ ಮಾಡಿದ ಕಸುಬು? ಅದು ನನ್ನ ಕೈಯಲ್ಲೇ ಮುಗೀತದಲ್ಲಾ.”

ಅವನ ಕಣ್ಣು ತುಂಬಿತ್ತು. ಗುರುಗಳ ಕಣ್ಣೂ ಒದ್ದೆಯಾಯಿತು. ಅವರು ಸರಿದು ಚಾಪೆಯ ಮೇಲೆ ಅವನಿಗೆ ಜಾಗ ಮಾಡಿದರು.

“ಬಾ, ಕೂತ್ಕೋ. ನಮ್ಮವ್ವನ ಉಪ್ಪಿಗೆ ನಾನೂ ಅಳೋನೇ. ಇಬ್ಬರೂ ಅತ್ತುಬಿಡೋಣ. ಅದಕ್ಕೆ ಹೊನ್ನಜ್ಜಿ ಮೊಮ್ಮಕ್ಕಳು ಸಪ್ಪೆ ಅಂಬಲಿ ಯಾಕಪ್ಪಾ ಕುಡೀಬೇಕು?”